ಬರಿಗಾಲಿನ ಚಾಂದನಿ

ಮಾನಮ್ಮ ಯಾರನ್ನೇ ಆಗಲಿ ಮೊದಲು ನೋಡುವುದು ಕಾಲನ್ನು. ಮುಖದ ಸರದಿ ಆಮೇಲೆ. ನನ್ನ ಟೇಲರಿಂಗ್ ಅಂಗಡಿಗೆ ಮೊದಲ ಸಲ ಬಂದಾಗಲೂ ಹೊಸ್ತಿಲಲ್ಲೇ ನಿಂತು, ಮಿಷನ್ನಿನ ಪೆಡಲ್ ಮೇಲಿದ್ದ ನನ್ನ ಪಾದ ನೋಡಿ, "ಅಕ್ಕಾರ, ಎಡಗಾಲಿನ ಮ್ಯಾಲ ಭಾಳ ಭಾರ ಹಾಕ್ತೀರಿ. ಬಲ ಮೊಣಕಾಲು ನೋಯತದೇನು?" ಎಂದಳು. ನೋಯುತ್ತಿತ್ತು. ಆದರೆ ಗುರುತು ಪರಿಚಯವಿಲ್ಲದ ಹೆಂಗಸು ಬಂದು ಹಾಗೆ ಹೇಳಿದರೆ ಯಾರಿಗೆ ಹಿತವಾಗುತ್ತದೆ? "ನಿಮಗೆ ಎಂತ ಬೇಕು, ಅದು ಹೇಳಿ" ಎಂದೆ. ಅವಳಿಗೆ ಬೇಕಾಗಿದ್ದದ್ದು ಕುದುರೆಗೆ ಬಟ್ಟೆ.

ನಾನು ಜಯಲತಾ, ಕಾರ್ಕಳದ ಕಡೆಯವಳು. ಮುಂಬೈ ಹತ್ತಿರದ ಕಲ್ಯಾಣ ಪೂರ್ವದ ಕೋಳಸೇವಾಡಿಯಲ್ಲಿ ರವಿಕೆ ಹೊಲಿದೇ ಕಣ್ಣು ಸವೆಸಿಕೊಂಡವಳು. ಮದುವೆ ಕುದುರೆಗೆ ಜರಿಯ ಹೊದಿಕೆ ಹೊಲಿದದ್ದು ಅದೇ ಮೊದಲು. ಕುದುರೆ ಅಳತೆಗೆ ನೆಟ್ಟಗೆ ನಿಲ್ಲುವುದಿಲ್ಲ, ನಿಜ. ಆದರೆ ಹೊಲಿದಾದ ಮೇಲೆ ಕಂಕುಳಲ್ಲಿ ಬಿಗಿಯಾಯಿತು ಎಂದು ಜಗಳಕ್ಕೂ ಬರುವುದಿಲ್ಲ. ಹಾಗಾಗಿ ಆ ಗಿರಾಕಿ ನನಗೆ ಹಿಡಿಸಿತು. ಅದರ ಹೆಸರು ಚಾಂದನಿ. ಮೂಗಿನ ತುದಿಯಲ್ಲಿ ಇಷ್ಟೇ ಇಷ್ಟು ಗುಲಾಬಿ, ಉಳಿದ ಮೈಯೆಲ್ಲ ಬಿಳಿ. ಮದುಮಗ ಕೂರಲು ಬಿಳಿಯ ಹೆಣ್ಣು ಕುದುರೆಯೇ, ಇಲ್ಲಿಯವರ ಬಾಯಲ್ಲಿ ಘೋಡಿ, ಆಗಬೇಕು ಎಂಬುದು ಈ ಊರಿನ ಪದ್ಧತಿ.

ಮಾನಮ್ಮನ ಅಪ್ಪ ವಿಜಾಪುರದಲ್ಲಿ ಟಾಂಗಾ ಹೊಡೆಯುತ್ತಿದ್ದವನು. ಅವಳು ನಡೆಯಲು ಕಲಿತದ್ದೇ ಕುದುರೆಯ ಕಾಲು ಹಿಡಿದುಕೊಂಡೇ ಅಂತೆ. ಗಂಡ ಶಿವರಾಯ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ. ಚೀಲ ಬಿದ್ದು ಸೊಂಟ ಮುರಿಯಿತು. ಆಗ ಇದ್ದಬದ್ದದ್ದೆಲ್ಲ ಮಾರಿ ಮಾನಮ್ಮ ತಂದದ್ದು ಈ ಕುದುರೆ. ಮೆರವಣಿಗೆಯಲ್ಲಿ ಲಗಾಮು ಹಿಡಿದು ನಡೆಯುವವನು ಶಿವರಾಯ, ಉಳಿದದ್ದೆಲ್ಲ ಅವಳು. ಮಕ್ಕಳಿಲ್ಲ. "ಚಾಂದನಿಯೇ ನಿಮ್ಮ ಮಗಳು ಅಲ್ವಾ" ಎಂದು ನಾನೊಮ್ಮೆ ಹೇಳಿ ಬೈಸಿಕೊಂಡಿದ್ದೆ. "ಮಗಳ್ಯಾಕ ಆಗ್ತಾಳ್ರಿ? ಆಕಿ ನಮ್ಮ ಮನಿ ಯಜಮಾನಿ. ಆಕಿ ದುಡೀತಾಳ, ನಾವಿಬ್ಬರು ಕುಂತು ತಿಂತೀವಿ. ಆಕಿ ಕಾಲು ಹೋದ್ರ ನಮ್ಮ ಮನೀನ ಹೋತು."

ಹೋಗುವ ಲಕ್ಷಣವೂ ಕಾಣಿಸಿತ್ತು. ವರ್ಷಗಟ್ಟಲೆ ಲಾಳ ಹೊಡೆಸಿ ಹೊಡೆಸಿ ಮುಂಗಾಲಿನ ಗೊರಸುಗಳು ಮೊಳೆಯ ತೂತಿನಲ್ಲಿ ಸೀಳಿದ್ದವು. ಲಾಳ ಹೊಡೆಯುವ ಮುಂಬ್ರಾದ ಮುದುಕ, ಇಲ್ಲಿಯವರು ಅವನನ್ನು ನಾಲ್‌ಬಂದ್ ಎನ್ನುತ್ತಾರೆ, ಸೀಳಿದ ಜಾಗ ಬಿಟ್ಟು ಪಕ್ಕದಲ್ಲಿ ಮೊಳೆ ಹೊಡೆಯುತ್ತಿದ್ದ. ಅದೂ ಸೀಳುತ್ತಿತ್ತು. ಹೀಗೇ ಹೋದರೆ ಮೊಳೆಗೆ ಜಾಗವೇ ಇರುವುದಿಲ್ಲ ಎಂದು ಮಾನಮ್ಮನಿಗೆ ಗೊತ್ತಿತ್ತು. ಮಳೆಗಾಲದಲ್ಲಿ ಮದುವೆ ಇಲ್ಲದ ದಿನಗಳಲ್ಲಿ ಅವಳ ಮೊಬೈಲಿಗೆ ಒಂದು ಸುದ್ದಿ ಬಂತು. ಥಾಣೆ ನಗರದ ಯೇವೂರ್ ಗುಡ್ಡದ ಕೆಳಗೆ ಒಂದು ಲಾಯದಲ್ಲಿ ಪ್ರಾಣಿಗಳ ಸಂಸ್ಥೆಯೊಂದು ತರಬೇತಿ ಇಟ್ಟಿದೆಯಂತೆ, ಲಾಳವಿಲ್ಲದೆ ಗೊರಸು ನೋಡಿಕೊಳ್ಳುವುದನ್ನು ಕೈಯಿಂದ ಮಾಡಿಸಿಯೇ ಕಲಿಸುತ್ತಾರಂತೆ. "ಅಲ್ಲಿ ಎಲ್ಲಾ ಗಂಡಸರ ಇರ್ತಾರ. ಜೊತಿಗೆ ಬರ್ರಿ ಜಯಕ್ಕ" ಎಂದಳು. ಹೋದೆ. ಹೋಗಬಾರದಿತ್ತು ಎಂದು ಅರ್ಧ ಗಂಟೆಯೊಳಗೆ ಅನ್ನಿಸಿತು.

ಕಲಿಸುವವರು ಡಾಕ್ಟರ್ ಪ್ರಿಯಂವದಾ, ಐರೋಲಿಯಲ್ಲೇ ಹುಟ್ಟಿ ಬೆಳೆದ ಉಡುಪಿಯವರ ಮಗಳು. ಅವರು ಮೀನಿನವರ ಥರ್ಮಾಕೋಲ್ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಐಸ್, ಐಸಿನ ಮೇಲೆ ಕುದುರೆಯ ಪಾದಗಳು. ಗೆಣ್ಣಿನಿಂದ ಕೆಳಗೆ ಕತ್ತರಿಸಿದ್ದು, ಕೆಲವನ್ನು ತೆಂಗಿನಕಾಯಿಯಂತೆ ನಡುವೆ ಸೀಳಿದ್ದು. ಸತ್ತ ಕುದುರೆಗಳದ್ದು, ಕಲಿಯುವವರು ಮೊದಲು ಅದರ ಮೇಲೆ ಕೈ ಪಳಗಿಸಬೇಕಂತೆ. ಒಂದರ ಮೇಲೆ ಮದುವೆಗೆ ಬಳಿದ ಚಿನ್ನದ ಬಣ್ಣ ಇನ್ನೂ ಇತ್ತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮಾನಮ್ಮ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ಮೇಡಮ್, ಇದರ ಎಲುವು ಹಿಂಗ್ಯಾಕ ಕೆಳಗ ಬಂದದ?"

"ಅದೇ ನೋಡ್ಬೇಕಾದ್ದು" ಎಂದರು ಪ್ರಿಯಂವದಾ, ತಮ್ಮ ಮಿಶ್ರ ಭಾಷೆಯಲ್ಲಿ. "ಗೊರಸಿನ ಗೋಡೆ ಉಂಟಲ್ಲ, ಈ ಎಲುಬು ಅದಕ್ಕೆ ಅಂಟ್ಕೊಂಡು ಲಟಕ್ ಕೇ, ನೇತಾಡಿಕೊಂಡು ಇರ್ತದೆ. ನಡುವೆ ಬಾರೀಕ್ ಬಾರೀಕ್ ಪದರ. ಕಾಳು ಜಾಸ್ತಿ ತಿಂದ್ರೆ, ಚನಾ ದಾಲ್, ಗೋಧಿ, ಬೆಲ್ಲ, ಹೊಟ್ಟೆ ಖರಾಬ್ ಆಗಿ ಆ ವಿಷ ಕಾಲಿಗೆ ಇಳೀತದೆ. ಪದರ ಬಿಟ್ಟುಹೋಗ್ತದೆ. ಎಲುಬು ನೀಚೆ ಬರ್ತದೆ. ಒಮ್ಮೆ ಬಂದ್ರೆ ವಾಪಸ್ ಮೇಲೆ ಹೋಗುದಿಲ್ಲ."

ಅಲ್ಲಿದ್ದ ಕುದುರೆಯವರೆಲ್ಲ ಮುಖ ಮುಖ ನೋಡಿಕೊಂಡರು. ಮದುಮಗನ ಅಕ್ಕತಂಗಿಯರು ಕುದುರೆಗೆ ನೆನೆಸಿದ ಕಡಲೆಬೇಳೆ ತಿನ್ನಿಸದೆ ಇಲ್ಲಿ ಮೆರವಣಿಗೆ ಹೊರಡುವುದಿಲ್ಲ. ಬೇಡ ಅಂದರೆ ಅಪಶಕುನ. ಅಪಶಕುನ ಮಾಡಿದ ಕುದುರೆಯನ್ನು ಮತ್ತೆ ಯಾರು ಕರೆಯುತ್ತಾರೆ?

ಮಧ್ಯಾಹ್ನದ ಮೇಲೆ ಜೀವವಿರುವ ಕುದುರೆಗಳ ಕೆಲಸ. ಮಾನಮ್ಮ ಸೀರೆ ಎತ್ತಿಕಟ್ಟಿ, ಕುದುರೆಯ ಕಾಲನ್ನು ತೊಡೆಗಳ ನಡುವೆ ಹಿಡಿದು, ಇಕ್ಕಳದಿಂದ ಅಂಚು ಕತ್ತರಿಸಿ, ಅರದಿಂದ ಉಜ್ಜಿ ದುಂಡಗೆ ಮಾಡಿದಳು. ಆತುರಪಟ್ಟು ತಳವನ್ನೂ ಕೆತ್ತಲು ಹೋಗಿ ಮೇಡಮ್ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡಳು. ಗೆಣ್ಣಿನ ಹಿಂದೆ ಎರಡು ಬೆರಳಿಟ್ಟು ನಾಡಿ ಹುಡುಕುವುದನ್ನೂ ಅಲ್ಲೇ ಕಲಿತಳು. ಆರೋಗ್ಯದ ಕುದುರೆಯಲ್ಲಿ ಅದು ಸಿಕ್ಕಿಯೂ ಸಿಗದಷ್ಟು ಮೆಲ್ಲಗೆ ಇರುತ್ತದಂತೆ. ಹೊರಡುವಾಗ ಪ್ರಿಯಂವದಾ ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: "ಲಾಳ ತೆಗೆದ ಮೇಲೆ ಕೆಲವು ವಾರ ಕುಂಟ್ತದೆ, ನಾಜೂಕು ಇರ್ತದೆ. ಅದಕ್ಕೆ ಹೆದರ್ಬೇಡಿ. ಗೊರಸು ಬಿಸಿಯಾಗಿ ನಾಡಿ ಹೊಡ್ಕೊಂಡ್ರೆ ಮಾತ್ರ ಹೆದರಿ, ಕೂಡಲೇ ಫೋನ್ ಮಾಡಿ."

ಲಾಳ ಕಿತ್ತ ದಿನ ಗಲ್ಲಿಯ ಕುದುರೆಯವರೆಲ್ಲ ತಮಾಷೆ ನೋಡಲು ಬಂದರು. ಮುಂಬ್ರಾದ ಮುದುಕ ಸಿಟ್ಟಿನಲ್ಲಿ ನೆಲಕ್ಕೆ ಉಗುಳಿ ಹೋದ. ಪಕ್ಕದ ಲಾಯದ ಯಶ್ವಂತ್, ಅವನದು ಎರಡು ಕುದುರೆ, "ಡಾಂಬರು ರಸ್ತೆಯ ಮೇಲೆ ಬರಿಗಾಲಲ್ಲಿ ನಡೆಸ್ತೀಯಾ ಮೌಶಿ?" ಎಂದು ನಕ್ಕ. ಶಿವರಾಯನಿಗೂ ಮನಸ್ಸಿರಲಿಲ್ಲ. ಆದರೆ ಹೆಂಡತಿಯ ಎದುರು ಅವನ ಮಾತು ನಡೆದದ್ದು ನಾನಂತೂ ಕಂಡಿಲ್ಲ. ಹಳೆಯ ಟಯರಿನ ತಳ, ಕ್ಯಾನ್ವಾಸಿನ ಗೋಡೆ ಸೇರಿಸಿ ನಾನೇ ರಸ್ತೆಗೆ ಹಾಕುವ ಬೂಟು ಹೊಲಿದುಕೊಟ್ಟೆ, ಮೇಲೆ ಕೆಂಪು ಮಖಮಲ್ಲು. ದಸರೆಯ ಹೊತ್ತಿಗೆ ಚಾಂದನಿ ರೈಲ್ವೆ ಹಳಿಯ ಪಕ್ಕದ ಜಲ್ಲಿಯ ಮೇಲೂ ಬೂಟಿಲ್ಲದೆ ನಡೆಯುತ್ತಿತ್ತು. ಸೀಳು ಕೆಳಗಿಳಿದು ಹೊಸ ಗೊರಸು ಬರುತ್ತಿತ್ತು. ಯಶ್ವಂತ್ ನಗುವುದನ್ನು ಬಿಟ್ಟು, ಮುಂದಿನ ತರಬೇತಿಗೆ ತಾನೂ ಹೆಸರು ಕೊಟ್ಟ.

ತುಳಸಿ ಮದುವೆ ಮುಗಿದು ಸೀಸನ್ ಶುರುವಾಯಿತು. ಪ್ರತಿ ಮೆರವಣಿಗೆಯಲ್ಲೂ ಮಾನಮ್ಮ ಮುಷ್ಟಿ ಎತ್ತಿ ತೋರಿಸುತ್ತಿದ್ದಳು, ಕಡಲೆಬೇಳೆ ಒಂದೇ ಹಿಡಿ ಎಂದು. ಆಮೇಲೆ ತನ್ನ ಅಂಗೈಯಿಂದ ಕುದುರೆಯ ಬಾಯಿ ಮುಚ್ಚುತ್ತಿದ್ದಳು. ಎಷ್ಟು ಜನರ ಕೈಯನ್ನು ಹಾಗೆ ತಡೆಯಲಾದೀತು?

ಡೊಂಬಿವಲಿಯ ಮದುವೆ ನಮ್ಮ ಊರಿನವರದ್ದೇ. ಹುಡುಗ ಸುಜನ್, ಅಪ್ಪನದು ಹೋಟೆಲು. ನಮ್ಮ ಕಡೆಯ ಮದುವೆಯಲ್ಲಿ ಕುದುರೆ ಯಾವ ಕಾಲದಲ್ಲಿ ಇತ್ತು ಎಂದು ಕೇಳಿದರೆ ನಾನು ಹಳೇ ಕಾಲದವಳಾಗುತ್ತೇನೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕುದುರೆ ಬೇಕು, ಬ್ಯಾಂಡ್ ಬೇಕು, ಊಟ ಮಾತ್ರ ಬಾಳೆಲೆಯಲ್ಲಿ. ಹೊಸ ಹೊದಿಕೆ ಸರಿಮಾಡಲು ನಾನೂ ಹೋಗಿದ್ದೆ. ನಮ್ಮವರ ಮುಹೂರ್ತ ಹಗಲಿನದು, ಬೆಳಿಗ್ಗೆಯೇ ಮೆರವಣಿಗೆ. ಸುಜನ್‌ನ ಅಕ್ಕ ದಿಶಾ ತಟ್ಟೆಯಲ್ಲಿ ಕಡಲೆಬೇಳೆ ತಂದಳು. ಮಾನಮ್ಮ ಮುಷ್ಟಿ ತೋರಿಸಿದಳು. ದಿಶಾ ಒಂದು ಹಿಡಿ ತಿನ್ನಿಸಿ ಸುಮ್ಮನಾದಳು, ಆದರೆ ಅವಳ ಮುಖ ಸಣ್ಣಗಾಯಿತು.

ಮದುವೆ ಹಾಲ್ ಮುಟ್ಟಿ ಹುಡುಗ ಇಳಿದ ಮೇಲೆ ಕುದುರೆಯನ್ನು ಹಿಂದುಗಡೆ ಅಡುಗೆಯವರ ಹತ್ತಿರ ನೆರಳಿಗೆ ಕಟ್ಟಿದರು. ಸುಜನ್‌ನ ತಾಯಿ ಬಂದು ಮಾನಮ್ಮನ ಕೈ ಹಿಡಿದು ಒಳಗೆ ಕರೆದರು, ಕುಂಕುಮ ಇಟ್ಟು ರವಿಕೆ ಕಣ ಕೊಟ್ಟರು, ಮೊದಲ ಪಂಕ್ತಿಯಲ್ಲೇ ನನ್ನ ಪಕ್ಕ ಕೂರಿಸಿದರು. ಎಷ್ಟು ಮದುವೆಗಳಲ್ಲಿ ಅವಳಿಗೆ ಗೇಟಿನ ಹೊರಗೆ ಪೇಪರ್ ಪ್ಲೇಟ್ ಸಿಕ್ಕಿದೆಯೋ! ಎಲೆಯ ಮುಂದೆ ಕುಳಿತವಳ ಕಣ್ಣಲ್ಲಿ ನೀರು ಬಂದಿತ್ತು. ನಮ್ಮವರು ಸಾಲಿನಲ್ಲಿ ಬಕೆಟ್ ಹಿಡಿದು ಬಡಿಸಿದರು, ಸಾಕು ಅಂದವರ ಎಲೆಗೆ ಇನ್ನೂ ಒಂದು ಸೌಟು. ಬಡಿಸುವುದರಲ್ಲಿ ಕೈ ಬಿಗಿ ಹಿಡಿಯುವುದು ನಮ್ಮಲ್ಲಿ ಅವಮಾನ.

ಅದೇ ಹೊತ್ತಿನಲ್ಲಿ ಹಿಂದುಗಡೆ ದಿಶಾ ಅಡುಗೆಯವರಿಗೆ ಹೇಳಿದ್ದಳಂತೆ, "ಪಾಪದ್ದು, ಅಷ್ಟು ದೂರ ತಮ್ಮನನ್ನು ಹೊತ್ಕೊಂಡು ಬಂದಿದೆ. ಮದುವೆಗೆ ಬಂದವರಿಗೆ ಒಂದು ಹಿಡಿ ಹಾಕಿ ಕಳಿಸುದಾ? ನಮ್ಮ ಮರ್ಯಾದೆ ಎಂತದು?" ಪಾಯಸಕ್ಕೆಂದು ನೆನೆಸಿ ಉಳಿದ ಕಡಲೆಬೇಳೆ, ಅದರ ಮೇಲೆ ಪುಡಿ ಬೆಲ್ಲ, ತುಂಬಿದ ಸ್ಟೀಲ್ ಬಕೆಟ್. ಸೋದರತ್ತೆಯರು, ನಾದಿನಿಯರು ಸುತ್ತ ನಿಂತು ಪ್ರೀತಿಯಿಂದ ತಿನ್ನಿಸಿದರು. ಬಕೆಟ್ ಹಿಡಿದುಕೊಂಡವನು ಶಿವರಾಯ. ಚಾಂದನಿ ತಳವನ್ನೂ ನೆಕ್ಕಿತು. ಇದೆಲ್ಲ ಆಗ ನಮಗಿಬ್ಬರಿಗೂ ತಿಳಿಯಲಿಲ್ಲ. ಹೆಂಡತಿ ಬೈದಾಳು ಎಂದು ಶಿವರಾಯ ಬಾಯಿ ಹೊಲಿದುಕೊಂಡ.

ಮರುದಿನ ಚಾಂದನಿ ಮೇವನ್ನು ಅರ್ಧಕ್ಕೇ ಬಿಟ್ಟಿತು. ಹೆಜ್ಜೆ ಸಣ್ಣದಾಗಿತ್ತು. ಮಾನಮ್ಮ ನನ್ನ ಅಂಗಡಿಗೆ ಬಂದು ಬೂಟಿನ ಹೊಲಿಗೆ ಪರೀಕ್ಷೆ ಮಾಡಿಸಿದಳು. "ನಿನ್ನೆ ರಸ್ತೆ ದೂರ ಆತು ಜಯಕ್ಕ. ಮೇಡಮ್ ಹೇಳಿದ್ದರಲ್ಲ ನಾಜೂಕು ಅಂತ, ಅದ ಇದು. ಉಸುಕಿನ್ಯಾಗ ನಿಂದ್ರಸೀನಿ, ಆರಾಮ ಆಗ್ತಾಳ." ಕಲಿತ ಪಾಠದ ಧೈರ್ಯ ಅದು. ಹೆದರಬೇಡ ಎಂದ ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹೊರಗೆ ಮಾತ್ರ ಗಲ್ಲಿಯವರ ಪಿಸುಮಾತು ಶುರುವಾಗಿತ್ತು, ಬರಿಗಾಲಿನ ಹುಚ್ಚು ಈಗ ಗೊತ್ತಾಗುತ್ತದೆ ಎಂದು.

ಅದರ ಮರುದಿನ ಬೆಳಕು ಹರಿಯುವಾಗ ಅವಳು ನನ್ನನ್ನು ಕರೆದಳು. ಚಾಂದನಿ ಮುಂಗಾಲುಗಳನ್ನು ದೂರ ಚಾಚಿ, ಇಡೀ ಮೈಯನ್ನು ಹಿಂದಕ್ಕೆ ವಾಲಿಸಿ ನಿಂತಿತ್ತು. ಕಾದ ಕಾವಲಿಯ ಮೇಲೆ ಕಾಲಿಟ್ಟವರ ಹಾಗೆ. ಒಂದು ಕಾಲು ಎತ್ತುವುದು, ಇಡಲಾರದೆ ಇನ್ನೊಂದು ಎತ್ತುವುದು. ಶಿವರಾಯ ಯಾರಿಗೂ ಹೇಳದೆ ಮುಂಬ್ರಾದ ಮುದುಕನನ್ನು ಕರೆಸಿದ್ದ, ಲಾಳ ಹೊಡೆದರೆ ಸರಿಹೋದೀತು ಎಂದು. ಮುದುಕ ಬಂದ, ಸುತ್ತಿಗೆ ಕೆಳಗಿಟ್ಟ, ಗೊರಸಿನ ಮೇಲೆ ಅಂಗೈ ಇಟ್ಟ. ಇಟ್ಟ ಕೈಯನ್ನು ತಕ್ಷಣ ತೆಗೆದ. "ಮೈ ಇಸ್ಕೋ ಕೀಲ್ ನಹೀ ಮಾರೂಂಗಾ" ಎಂದು, ಮೊಳೆ ಹೊಡೆಯಲು ಒಪ್ಪದೆ, ಸುತ್ತಿಗೆ ಎತ್ತಿಕೊಂಡು ಹೊರಟೇಹೋದ. ಹಳೆಯ ಸಿಟ್ಟು ತೀರಿಸಿಕೊಳ್ಳಲೂ ನಿಲ್ಲಲಿಲ್ಲ.

ಮಾನಮ್ಮ ಗೆಣ್ಣಿನ ಹಿಂದೆ ಬೆರಳಿಟ್ಟಳು. ನಾಡಿ ಹುಡುಕಬೇಕಾಗಲಿಲ್ಲ. ಗಂಡನ ಕಡೆ ತಿರುಗದೆಯೇ ಕೇಳಿದಳು, "ಏನು ತಿನ್ನಿಸೀದಿ?"

"ನಾ ಅಲ್ಲ ಮಾನಿ... ಹೆಣ್ಣುಮಕ್ಕಳು ಪ್ರೀತಿಲಿಂದ..."

"ಎಷ್ಟು?"

"ಬಕೀಟು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನೂ ಶಿವರಾಯನೂ ಮೀನು ಮಾರ್ಕೆಟ್ಟಿಗೆ ಓಡಿ ಐಸ್ ಹೊತ್ತು ತಂದೆವು. ಮುಂಗಾಲುಗಳನ್ನು ಐಸ್ ತುಂಬಿದ ಬಾನಿಗಳಲ್ಲಿ ಇಳಿಸಿದಳು. ಐರೋಲಿಯಿಂದ ಪ್ರಿಯಂವದಾ ಬಂದರು, ಇಂಜೆಕ್ಷನ್ ಕೊಟ್ಟರು, ದಪ್ಪ ಮೆತ್ತೆ ಕಟ್ಟಿದರು. "ನಿನ್ನೆಯೇ ಐಸ್ ಹಾಕಿದ್ರೆ..." ಎಂದು ಶುರುಮಾಡಿ, ಮಾನಮ್ಮನ ಮುಖ ನೋಡಿ ನಿಲ್ಲಿಸಿದರು. ಆ ವಾರವಿಡೀ ನಾವು ಐಸ್ ಹೊತ್ತೆವು. ನೋವಿಗೆ ಚಾಂದನಿ ಹಲ್ಲು ಕಡಿಯುವ ಸದ್ದು ನನ್ನ ಅಂಗಡಿಯವರೆಗೆ ಕೇಳಿದಂತೆ ಭ್ರಮೆಯಾಗುತ್ತಿತ್ತು. ಕೊನೆಗೆ ಗೊರಸಿನ ತಳ ಉಬ್ಬಿ, ಎಲುಬಿನ ತುದಿ ಅಲ್ಲಿಂದ ಕಾಣಿಸಿತು. ಎಕ್ಸ್-ರೇ ಬೇಕಾಗಲಿಲ್ಲ. ಪ್ರಿಯಂವದಾ ಏನು ಕೇಳಲು ಬಂದಿದ್ದಾರೆಂದು ಮಾನಮ್ಮನಿಗೆ ಅವರು ಬಾಯಿ ತೆರೆಯುವ ಮೊದಲೇ ಗೊತ್ತಾಯಿತು. ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಹೂಂ, ಕೊಟ್ಟುಬಿಡ್ರಿ" ಎಂದಳು. ಇಂಜೆಕ್ಷನ್ ಇಳಿಯುವಾಗ ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ನಾನು ಅಲ್ಲಿ ನಿಲ್ಲಲಾರದೆ ಗೋಡೆಯ ಕಡೆ ತಿರುಗಿ ಅತ್ತೆ.

ಗಲ್ಲಿಯವರ ತೀರ್ಪು ಅದೇ ಸಂಜೆ ಬಂತು. ಲಾಳ ತೆಗೆದು ಕೊಂದಳು. ಯಶ್ವಂತ್ ತರಬೇತಿಯಿಂದ ಹೆಸರು ತೆಗೆಸಿ ಎರಡು ಕುದುರೆಗಳಿಗೂ ಹೊಸ ಲಾಳ ಹೊಡೆಸಿದ. ಶಿವರಾಯನೂ ಕೇಳಿದವರ ಎದುರು ಅದನ್ನೇ ಹೇಳತೊಡಗಿದ, ಅವನಿಗೆ ಬಕೆಟ್ಟಿಗಿಂತ ಲಾಳವೇ ಹಗುರ. ಮಾನಮ್ಮ ಮಾತ್ರ ಕೆರಳಿದಳು. ಪ್ರಿಯಂವದಾ ಫೋನ್ ಮಾಡಿ, ಮುಂದಿನ ತರಬೇತಿಗೆ ಬಂದು ನಡೆದದ್ದನ್ನು ನೀವೇ ಹೇಳಿ, ವಿಡಿಯೋ ಮಾಡಿ ಎಲ್ಲ ಕುದುರೆಯವರಿಗೂ ಮದುವೆಮನೆಯವರಿಗೂ ಕಳಿಸುತ್ತೇವೆ ಎಂದಾಗ ಕೂಡಲೇ ಒಪ್ಪಿದಳು. "ಎಲ್ಲಾ ಹೇಳ್ತೀನ್ರಿ. ಯಾರ ಮದಿವಿ, ಯಾವ ಹಾಲ್, ಎಷ್ಟು ಬಕೀಟು. ಬರಿಗಾಲು ಕೊಂದಿಲ್ಲ, ಪ್ರೀತಿ ಕೊಂದದ ಅಂತ ಹೇಳ್ತೀನಿ. ಇನ್ನೊಂದು ಕುದುರಿ ಹಿಂಗ ಸಾಯಬಾರದು." ಆ ದಿನಗಳಲ್ಲಿ ಅವಳನ್ನು ಎದ್ದು ಓಡಾಡಿಸುತ್ತಿದ್ದದ್ದು ಅದೊಂದೇ ಹಟ.

ತರಬೇತಿಯ ಹಿಂದಿನ ದಿನ ಮಧ್ಯಾಹ್ನ ಅವಳು ನನ್ನ ಅಂಗಡಿಯಲ್ಲಿದ್ದಾಗ ಫೋನ್ ಬಂತು. ಸ್ಪೀಕರಿನಲ್ಲಿ ಹೆಣ್ಣಿನ ಸಣ್ಣ ದನಿ. ಸುಜನ್‌ನ ಹೆಂಡತಿ ಅಶ್ಮಿತಾ, ಆ ಮದುವೆಯ ಮದುಮಗಳು.

"ಆಂಟಿ, ಘೋಡಿ ಠೀಕ್ ಉಂಟಲ್ಲ?"

ಮಾನಮ್ಮ ಫೋನನ್ನು ನನ್ನ ಮಿಷನ್ನಿನ ಮೇಲಿಟ್ಟಳು.

"ಇಲ್ಲಿ ಯಾರೋ ಬಂದು ಅದು ಸತ್ತಿದೆ ಅಂದ್ರು. ಸುಜನ್ ಮೊನ್ನೆ ಬೈಕ್‌ನಿಂದ ಬಿದ್ದ್ರು, ಕೈ ಫ್ರ್ಯಾಕ್ಚರ್. ಹೋಟೆಲ್ ಕಿಚನ್‌ನಲ್ಲಿ ಬೆಂಕಿ ಬೇರೆ. ಅತ್ತೆ ಏನೋ ಕಾಲ್ಗುಣ, ಕಾಲ್ಗುಣ ಅಂತಾರೆ ಆಂಟಿ. ನಂಗೆ ಆ ಮಾತೇ ಗೊತ್ತಿರ್ಲಿಲ್ಲ, ಮೊಬೈಲಲ್ಲಿ ನೋಡ್ದೆ. ನಾನು ಆ ಮನೆಗೆ ಕಾಲಿಟ್ಟದ್ದೇ ಹಾಗೆ ಅಂತೆ. ಈಗ ನನ್ನ ಕೈಯ ನೀರು ಸಹ ಕುಡಿಯುದಿಲ್ಲ. ಘೋಡಿನೂ ಸತ್ತದ್ದು ನಿಜ ಆದ್ರೆ..." ಅವಳು ಅಳಲು ಶುರುಮಾಡಿದಳು.

ನಾನು ಎದುರಿನಿಂದ ಕೈಸನ್ನೆ ಮಾಡುತ್ತಿದ್ದೆ: ಹೇಳು, ಬಕೆಟ್ ಅಂತ ಹೇಳು, ಅವಳ ಅತ್ತೆಯ ಮಗಳ ಕೈಯದ್ದೇ ಅಂತ ಹೇಳು! ನನಗೆ ಅಷ್ಟು ಕೋಪವಿತ್ತು. ಆದರೆ ಹೇಳಿದರೆ ಮುಂದೇನು ಎಂದು ಮಾನಮ್ಮ ನನಗಿಂತ ಮೊದಲು ಕಂಡಳು. ಆ ಮನೆಯವರು ಮಗಳ ಬಕೆಟ್ ನೋಡುವುದಿಲ್ಲ, ಸೊಸೆಯ ಕಾಲು ನೋಡುತ್ತಾರೆ.

"ಯಾರ್ ಹೇಳಿದರವ್ವ ಸತ್ತದ ಅಂತ?" ಎಂದಳು, ಎಲ್ಲಿಂದಲೋ ನಗು ತಂದುಕೊಂಡು. "ಆರಾಮ ಅದಾಳ. ವಿಜಾಪುರಕ್ಕ ಕಳಿಸೇವಿ, ಅಲ್ಲಿ ಹಸರು ಮೇವು ಭಾಳ ಅದ. ನಿಮ್ಮ ಅತ್ತಿ ಕೈಯಾಗ ಕೊಡು ಫೋನು."

ಅತ್ತೆಯ ದನಿ ಬಂತು. ಮಾನಮ್ಮ ಅದನ್ನೇ ಮತ್ತೆ ಹೇಳಿದಳು, ಸೊಸೆಯ ಕಾಲ್ಗುಣ ಬಂಗಾರದ್ದು ಎಂದೂ ಸೇರಿಸಿದಳು. ಆ ಕಡೆಯಿಂದ ದೊಡ್ಡ ನಿಟ್ಟುಸಿರು ಕೇಳಿಸಿತು.

"ಅಬ್ಬ, ನಂಗೆ ಈಗ ಜೀವ ಬಂತು ನೋಡಿ. ಅವತ್ತು ನಮ್ಮ ದಿಶಾ ಅದಕ್ಕೆ ಹೊಟ್ಟೆ ತುಂಬ ಹಾಕಿದ್ಲಲ್ಲ ಮಾನಮ್ಮ, ಆ ಪುಣ್ಯವೇ ಇದು. ಅಲ್ವಾ?"

"ಹೌದ್ರಿ" ಎಂದಳು ಮಾನಮ್ಮ.

ಆಮೇಲೆ ಪ್ರಿಯಂವದಾ ನಂಬರಿಗೆ ಫೋನ್ ಮಾಡಿ, "ನಾಳೆ ನಾ ಬರೂದಿಲ್ರಿ ಮೇಡಮ್. ನನ್ನ ಕುದುರಿ ಸತ್ತಿಲ್ಲ. ನೀವೂ ಎಲ್ಲೂ ಹೇಳಬ್ಯಾಡ್ರಿ" ಎಂದಳು. ಮೇಡಮ್ ಮೊದಲು ಅರ್ಥವಾಗದೆ, ಅರ್ಥವಾದ ಮೇಲೆ ಸಿಟ್ಟಿನಿಂದ, ಹಾಗಾದರೆ ಉಳಿದ ಕುದುರೆಗಳ ಗತಿ ಏನು ಎಂದು ಕೇಳಿದರು.

"ಅವಕ್ಕೂ ಬಾಯಿಲ್ಲ, ಆ ಹುಡುಗಿಗೂ ಬಾಯಿಲ್ಲ. ನನಗಿರೂದು ಒಂದ ಬಾಯಿ ಮೇಡಮ್. ಯಾರಿಗಂತ ಕೊಡ್ಲಿ?"

ಹೊರಗೆ ಬ್ಯಾಂಡಿನ ಸದ್ದು ಕೇಳಿಸಿತು. ಯಶ್ವಂತ್‌ನ ಕುದುರೆ ಮದುವೆಗೆ ಹೊರಟಿತ್ತು.